ಸೈನಿಕನ ಬೆನ್ನೇರಿದ ಸೈಕಲ್

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸೇನೆಯ ಮಡಚುವ ಸೈಕಲ್ಲುಗಳನ್ನು ಚಿತ್ರಗಳಲ್ಲಿ ನೋಡಿದ್ದೇನೆ. ಅವನ್ನು ನಿಜವಾಗಿಯೂ ವಿಮಾನದಿಂದ ಇಳಿಬಿಡುತ್ತಿದ್ದರೇ? ನೆಲಕ್ಕೆ ಬಡಿದಾಗ ಚಕ್ರಗಳು ಸೊಟ್ಟಗಾಗುತ್ತಿರಲಿಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಪ್ಯಾರಾಚೂಟ್ ಕಟ್ಟಿ ಇಳಿಬಿಡಲೆಂದೇ ಅವನ್ನು ರೂಪಿಸಲಾಗಿತ್ತು. ನೀವು ಕೇಳಿರುವ ಚಕ್ರದ ಸಮಸ್ಯೆಗೂ ಆ ವಿನ್ಯಾಸದಲ್ಲಿಯೇ ಉತ್ತರವಿದೆ.

ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಂಪನಿ 1942ರಿಂದ 1945ರವರೆಗೆ ಇಂತಹ 60,000ಕ್ಕೂ ಹೆಚ್ಚು ಸೈಕಲ್ಲುಗಳನ್ನು ತಯಾರಿಸಿತು. (ನಮ್ಮ ಸೈಕಲ್ ಅಂಗಡಿಗಳಲ್ಲಿ ಚಿರಪರಿಚಿತವಾದ ಬಿಎಸ್‌ಎ ಹೆಸರಿನ ಮೂಲವೂ ಇದೇ, ಅದು ಹುಟ್ಟಿದ್ದು ಬಂದೂಕು ತಯಾರಕರ ಕಂಪನಿಯಾಗಿ.) ಸಾಮಾನ್ಯ ಸೈಕಲ್ಲಿನ ಚೌಕಟ್ಟಿಗೆ ಬದಲಾಗಿ ಅಂಡಾಕಾರಕ್ಕೆ ಬಾಗಿಸಿದ ಕೊಳವೆಗಳಿದ್ದು, ಅವುಗಳ ನಡುವೆ ಮೇಲೊಂದು, ಕೆಳಗೊಂದು ಕೀಲನ್ನು ಕೂರಿಸಲಾಗಿತ್ತು. ಸ್ಪ್ಯಾನರಿನ ಹಂಗಿಲ್ಲದೆ, ಕತ್ತಲಲ್ಲೂ ಬೆರಳಿನಿಂದಲೇ ತಿರುಗಿಸಬಹುದಾದ ರೆಕ್ಕೆಯಾಕಾರದ ನಟ್ಟುಗಳು ಆ ಕೀಲುಗಳನ್ನು ಬಿಗಿಹಿಡಿಯುತ್ತಿದ್ದವು. ಪೆಡಲ್ ಎಂಬುದು ಬರಿಯ ಗೂಟ. ಮಡಚಿದಾಗ ಅದು ಅಡ್ಡ ಚಾಚಿಕೊಂಡು ತೊಡಕಾಗದಂತೆ ಒಳಕ್ಕೆ ತಳ್ಳಿಬಿಡಬಹುದಾಗಿತ್ತು. ಇಳಿಬಿಡುವ ಮುನ್ನ ಹ್ಯಾಂಡಲ್ ಮತ್ತು ಸೀಟು ಚಕ್ರಗಳಿಗಿಂತ ಹೊರಗೆ ಚಾಚುವಂತೆ ಹೊಂದಿಸಿ, ಸೈಕಲ್ಲನ್ನು ತಲೆಕೆಳಗಾಗಿ ಪ್ಯಾರಾಚೂಟಿಗೆ ಕಟ್ಟುತ್ತಿದ್ದುದರಿಂದ, ಮೊದಲ ಪೆಟ್ಟನ್ನು ತಿನ್ನುತ್ತಿದ್ದುದು ಅವೆರಡೇ; ರಿಮ್ಮು, ಕಡ್ಡಿಗಳು ಪಾರಾಗುತ್ತಿದ್ದವು. ತೂಕ ಸುಮಾರು 14.5 ಕಿಲೊ, ಅಂದರೆ ಹೊರಲು ಹಗುರವೇನಲ್ಲ.

ಮಡಚುವ ಸೈಕಲ್ಲಿನ ಕಲ್ಪನೆ ಬ್ರಿಟಿಷರದ್ದೇನೂ ಅಲ್ಲ. 1890ರ ದಶಕದಲ್ಲಿಯೇ ಫ್ರೆಂಚ್ ಸೇನೆಯ ಕ್ಯಾಪ್ಟನ್ ಜೆರಾರ್, ಗ್ರೆನೋಬ್ಲ್ ಬಳಿಯ ಉದ್ಯಮಿ ಷಾರ್ಲ್ ಮೊರೆಲ್ ಅವರೊಡನೆ ಸೇರಿ ಇಂತಹ ಸೈಕಲ್ಲನ್ನು ತಯಾರಿಸಿದ್ದರು. ಅವರ ಲೆಕ್ಕಾಚಾರ ಸರಳ: ರಸ್ತೆಯಿರುವ ತನಕ ಸೈಕಲ್ಲು ಸೈನಿಕನನ್ನು ಹೊರಬೇಕು, ರಸ್ತೆ ಮುಗಿದಲ್ಲಿ ಸೈನಿಕ ಅದನ್ನು ಮಡಚಿ ಬೆನ್ನಿಗೇರಿಸಿಕೊಳ್ಳಬೇಕು. ಇಟಲಿಯ ಬಿಯಾಂಕಿ ಕಂಪನಿ 1912ರಲ್ಲಿ ಅಲ್ಲಿನ ಸೇನೆಯ ಬೆರ್ಸಲ್ಯೇರಿ ಎಂಬ ಚುರುಕು ಕಾಲಾಳು ಪಡೆಗಾಗಿ ತಯಾರಿಸಿದ ಮಾದರಿಗೆ ಪಂಕ್ಚರಿನ ಭಯವಿಲ್ಲದ ಗಟ್ಟಿ ರಬ್ಬರಿನ ಟಯರುಗಳಿದ್ದವು. ಅವುಗಳ ಕುಲುಕಾಟವನ್ನು ತಗ್ಗಿಸಲು ಮುಂದೆಯೂ ಹಿಂದೆಯೂ ಸ್ಪ್ರಿಂಗುಗಳನ್ನು ಜೋಡಿಸಲಾಗಿತ್ತು. ನನ್ನ ಕಣ್ಣಿಗೆ ಈ ಮೂರರಲ್ಲಿ ಅತ್ಯಂತ ಜಾಣ ವಿನ್ಯಾಸವೆಂದರೆ ಇದೇ.

ಇನ್ನು ನೀವು ನೋಡಿರುವ ಚಿತ್ರಗಳ ವಿಚಾರ. ಭಾರಿ ಗ್ಲೈಡರುಗಳು (ಎಂಜಿನ್ ಇಲ್ಲದ ವಿಮಾನಗಳು) ಜೀಪುಗಳನ್ನೇ ಹೊತ್ತು ಇಳಿಸತೊಡಗಿದ ಮೇಲೆ, ಪ್ಯಾರಾಚೂಟ್ ಪಡೆಗೆ ಸೈಕಲ್ಲಿನ ಅಗತ್ಯ ಕುಗ್ಗಿತು. ಹೀಗಾಗಿ ಆಕಾಶದಿಂದ ಇಳಿಯಲೆಂದು ಹುಟ್ಟಿದ ವಾಹನ ಹಡಗಿನಿಂದಲೂ ಇಳಿಯಿತು: 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಜುನೋ ತೀರದಲ್ಲಿ ಕೆನಡಾದ ಕಾಲಾಳುಗಳು ಸೈಕಲ್ಲುಗಳನ್ನು ಹಿಡಿದು ದಡಕ್ಕೆ ಬರುತ್ತಿರುವ ಚಿತ್ರಗಳು ಪ್ರಸಿದ್ಧವಾಗಿವೆ. ಯುದ್ಧ ಮುಗಿದ ನಂತರ ಸೇನೆಯಲ್ಲಿ ಉಳಿದಿದ್ದ ಸೈಕಲ್ಲುಗಳನ್ನು ನಾಗರಿಕರಿಗೆ ಮಾರಲಾಯಿತು.