‘ನಾನಿಲ್ಲದೆ ಮನೆ ನಡೆದುಬಿಟ್ಟರೆ?’

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕಾಸರಗೋಡಿನ ಕುಂಬಳೆ ಕಡೆಯ ಕನ್ನಡ ಶಾಲೆಯೊಂದರ ಟೀಚರ್, ನಲವತ್ತು ದಾಟಿದವರು. ನಿದ್ದೆ ಸರಿಯಿಲ್ಲ, ಸಣ್ಣದಕ್ಕೂ ಸಿಡುಕು. ಮೂರು ದಿನ ಒಬ್ಬರೇ ಕಡಲ ಬದಿಯಲ್ಲಿ ಇದ್ದು ಬರಬೇಕೆಂಬ ಆಸೆ. ‘ಕಡಲು ಇಲ್ಲಿಯೇ ಉಂಟಲ್ಲ’ ಎಂದು ಮನೆಯವರ ಉತ್ತರ. ಇಂಥ ಹೆಂಗಸರು ನನ್ನ ಬಳಿ ಆಪ್ತಸಲಹೆಗೆ ಮತ್ತೆ ಮತ್ತೆ ಬರುತ್ತಾರೆ.

ಮೊದಲಿಗೆ ನೇರವಾಗಿಯೇ ಕೇಳಿದೆ: ಸಾಯುವ ಯೋಚನೆ ಬರುತ್ತದೆಯೇ? ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ತಪ್ಪು ನಂಬಿಕೆ. ಹೌದು ಎಂದಿದ್ದರೆ ಒಂಟಿ ಪ್ರವಾಸದ ಮಾತೇ ಇಲ್ಲ. ಮನೋವೈದ್ಯರನ್ನು ಕಾಣಬೇಕು, ಹೊತ್ತಲ್ಲದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು. ಇವರಿಗೆ ಅಂಥದ್ದೇನೂ ಇರಲಿಲ್ಲ, ವರ್ಷಗಳ ದಣಿವು ಇತ್ತು.

ಮೂರನೆಯ ಸೆಷನ್ನಿಗೆ ನೋಟ್‌ಬುಕ್ಕಿನಿಂದ ಹರಿದ ನಾಲ್ಕು ಹಾಳೆ ತಂದರು. ಅತ್ತೆಯ ಬಿ.ಪಿ. ಮಾತ್ರೆ, ದೋಸೆಗೆ ಅಕ್ಕಿ ನೆನೆಹಾಕುವ ಹೊತ್ತು, ದನಕ್ಕೆ ಹಿಂಡಿ, ಪಂಪಿನ ಸ್ವಿಚ್ಚು, ಮಗನ ಟ್ಯೂಷನ್ ಎಲ್ಲವೂ ದುಂಡಗಿನ ಅಕ್ಷರದಲ್ಲಿ, ಕೆಂಪು ಗೆರೆ ಎಳೆದು. ಕೊನೆಯಲ್ಲಿ ಅರ್ಧ ಸಾಲು: ‘ನಾನು – ರೈಲು’.

“ಟೀಚರೇ, ಇದರಲ್ಲಿ ಮಾತ್ರೆಯದ್ದು ಬಿಟ್ಟು ಉಳಿದದ್ದೆಲ್ಲ ಹೊಡೆದು ಹಾಕಿ” ಎಂದೆ. ಪೆನ್ನು ಹಿಡಿದು ತುಂಬ ಹೊತ್ತು ಕೂತರು. ಆಮೇಲೆ, “ಮೇಡಂ, ನಾನಿಲ್ಲದೆ ಮನೆ ನಡೆದುಬಿಟ್ಟರೆ?” ಎಂದು ಕೇಳಿದರು. ಜನರ ಬಾಯಿಗಿಂತ, ಕಳ್ಳರಿಗಿಂತ ಅವರನ್ನು ಕಟ್ಟಿಹಾಕಿದ್ದು ಈ ಭಯ. ನಡೆಯಲಿ, ನಡೆಯಲೇಬೇಕು ಎಂದೆ. ಸಂಸಾರ ಒಡೆಯುವ ಸಲಹೆ ಕೊಡುತ್ತೇನೆಂದು ಹೇಳುವವರಿದ್ದಾರೆ. ಒಬ್ಬರು ಮೂರು ದಿನ ಮಲಗಿದರೆ ಒಡೆಯುವಂಥ ಸಂಸಾರಕ್ಕೆ ಬೇರೆಯೇ ಚಿಕಿತ್ಸೆ ಬೇಕು.

ಉಳಿದ ಹೊತ್ತಿನಲ್ಲಿ ಪ್ರವಾಸದ ವಿವರ ಬರೆಸಿದೆ. ಹತ್ತಿರದ ಬೇಕಲ ಕಡಲತೀರ ಬೇಡ, ಅಲ್ಲಿ ಪರಿಚಯದವರು ಎದುರಾಗುತ್ತಾರೆ, ಮಾತಾಡಿಸುವುದರಲ್ಲೇ ದಿನ ಮುಗಿಯುತ್ತದೆ. ಕಣ್ಣೂರಿನ ಪಯ್ಯಾಂಬಲಂ ಕಡಲತೀರ ಆಗಬಹುದು: ಹಗಲಿನ ರೈಲುಂಟು, ಪೇಟೆ ಹತ್ತಿರ, ಸಂಜೆ ಜನರಿರುತ್ತಾರೆ. ನಿರ್ಜನ ತೀರ ಚಿತ್ರದಲ್ಲಿ ಚಂದ, ಒಬ್ಬರೇ ಇರಲಿಕ್ಕೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ವಾರದ ನಡುವೆ ಇನ್ನೂ ಒಳ್ಳೆಯದು. ಸಂಜೆ 4ರೊಳಗೆ ರೂಮು ಸೇರಬೇಕು. ಬುಕ್ ಮಾಡುವ ಮೊದಲು ತಾವೇ ಫೋನ್ ಮಾಡಿ, ರಾತ್ರಿ ರಿಸೆಪ್ಷನ್‌ನಲ್ಲಿ ಆಳು ಇರುತ್ತಾರೆಯೇ ಎಂದು ಕೇಳಬೇಕು. ನೆಲಮಹಡಿ ಬೇಡ. ಚೀಲ ಬಿಚ್ಚುವ ಮೊದಲು ಬಾಗಿಲ ಚಿಲಕ, ಬಾತ್‌ರೂಮಿನ ಕಿಟಕಿ ನೋಡಬೇಕು. ಸಡಿಲವಿದ್ದರೆ ಆಗಲೇ ರೂಮು ಬದಲಿಸಿ ಎನ್ನಬೇಕು. ಫೋಟೊ ಹಾಕುವುದು ಊರಿಗೆ ಬಂದ ಮೇಲೆ. ತುರ್ತಿಗೆ 112, ಹೆಂಗಸರ ರಕ್ಷಣೆಗಿರುವ ಕೇರಳದ ಪಿಂಕ್ ಪೊಲೀಸ್ 1515.

ನೀರಿಗೆ ಇಳಿದರೂ ಮೊಣಕಾಲಿನವರೆಗೆ ಸಾಕು, ಅದೂ ಜೀವರಕ್ಷಕರಿರುವ ಕಡೆ. ಅಲೆಗಳ ನಡುವೆ ಅಲೆ ಒಡೆಯದ, ಶಾಂತವಾಗಿ ಕಾಣುವ ಜಾಗವೇ ಹೆಚ್ಚಾಗಿ ಒಳಕ್ಕೆ ಎಳೆಯುವ ಸೆಳೆತ. ಸಿಕ್ಕಿದರೆ ಸೆಳೆತಕ್ಕೆ ಎದುರಾಗಿ ನೇರ ದಡದತ್ತ ಈಜಬಾರದು, ಬಲ ಮುಗಿಯುತ್ತದೆ. ದಡದ ಉದ್ದಕ್ಕೆ ಸರಿದು ಸೆಳೆತ ತಪ್ಪಿಸಿಕೊಳ್ಳಬೇಕು. ಈಜು ಬಾರದಿದ್ದರೆ ಬೆನ್ನ ಮೇಲೆ ತೇಲುತ್ತ ಕೈ ಎತ್ತಿ ಕೂಗಬೇಕು.

ಹೆಚ್ಚಿನವರು ಸೋಲುವುದು ಮೊದಲ ಸಂಜೆ. ಕೆಲಸವಿಲ್ಲದ ಕೈ, ಬರುವ ಅಳು, ‘ನನಗೇನು ಬಂದಿದೆ’ ಎಂಬ ತಪ್ಪಿತಸ್ಥ ಭಾವ. ಕೂಡಲೇ ವಾಪಸಿನ ರೈಲು ಹುಡುಕುತ್ತಾರೆ. ಅದಕ್ಕೇ ಒಂದು ರಾತ್ರಿ ಸಾಲದು, ಎರಡು ಬೇಕು. ಆ ಸಂಜೆ ಏನನ್ನೂ ತೀರ್ಮಾನಿಸದೆ ಬಿಸಿ ಗಂಜಿಯೋ ಚಪಾತಿಯೋ ತಿಂದು ಮಲಗಿ ಎಂದೆ. ಮನೆಗೆ ದಿನಕ್ಕೆ ಒಂದೇ ಕರೆ, ರಾತ್ರಿ 8ಕ್ಕೆ, ಕ್ಷೇಮ ಹೇಳಲಿಕ್ಕೆ ಮಾತ್ರ. ಜಾಗ ನೋಡುವ ಪಟ್ಟಿಯೇ ಬೇಡ.

ಹೋಗಿಬಂದರು. ಎರಡನೆಯ ದಿನ ಮಧ್ಯಾಹ್ನದವರೆಗೆ ನಿದ್ದೆ ಬಂತಂತೆ. ಮನೆಯಲ್ಲಿ ಹಿಟ್ಟು ಹುಳಿಬಂದು ಉಕ್ಕಿ ಚೆಲ್ಲಿತ್ತು, ಉಳಿದದ್ದು ನಡೆದಿತ್ತು. ಮುಂದಿನ ಸೆಷನ್ನಿಗೆ ಗಂಡನನ್ನೂ ಬರಹೇಳಿದ್ದೇನೆ. ಭಾನುವಾರದ ಅಡುಗೆ ಯಾರದ್ದು ಎಂಬಲ್ಲಿಂದ ಶುರು ಮಾಡಬೇಕಾಗಿದೆ.