ಓದುಗರ ಪ್ರಶ್ನೆಗಳಿಗೆ ಉತ್ತರ: ಕಲ್ಲುತೋಟದಲ್ಲಿ ಬೆಟ್ಟದ ನೆತ್ತಿಯ ಗಿಡಗಳು

ಪ್ರಶ್ನೆ: ನಾವು ಅಮೆರಿಕದ ಡೆನ್ವರ್‌ನಲ್ಲಿ ನೆಲೆಸಿದ್ದೇವೆ. ರಾಕಿ ಪರ್ವತದ ಮೇಲೆ ಕಂಡು ಮೆಚ್ಚಿದ ಮಾಸ್ ಕ್ಯಾಂಪಿಯನ್ ಗಿಡವನ್ನು ನರ್ಸರಿಯಿಂದ ತಂದು, ಊರಿನಲ್ಲಿ ಮಲ್ಲಿಗೆಗೆ ಮಾಡುತ್ತಿದ್ದಂತೆ ಗೊಬ್ಬರ ಹಾಕಿ ದಿನವೂ ನೀರೆರೆದೆವು. ಚಳಿಗಾಲ ಮುಗಿಯುವಷ್ಟರಲ್ಲಿ ಅದು ಕಪ್ಪಾಗಿ ಕೊಳೆಯಿತು. ಅದಕ್ಕೆ ಚಳಿ ತಡೆಯಲಿಲ್ಲವೇ?

ಉತ್ತರ: ಚಳಿಯಿಂದ ಅದು ಸತ್ತಿರಲಾರದು; ಬುಡದಲ್ಲಿ ನಿಂತ ನೀರೇ ಅದನ್ನು ಕೊಂದಿರಬೇಕು. ನಿಮ್ಮ ಕೊಲರಾಡೊ ರಾಜ್ಯದಲ್ಲಿ ಸುಮಾರು 11,500 ಅಡಿಗಿಂತ ಮೇಲೆ, ಮರಗಳೇ ಬೆಳೆಯದ ಕಲ್ಲುನೆಲದಲ್ಲಿ ಈ ಗಿಡ ನೆಲಕ್ಕಂಟಿದ ಮೆತ್ತೆಯಂತೆ ಬೆಳೆಯುತ್ತದೆ. ಆ ದಟ್ಟವಾದ ಮೆತ್ತೆ ಗಾಳಿಯ ಹೊಡೆತವನ್ನು ತಡೆದು ಬಿಸಿಲಿನ ಶಾಖವನ್ನು ಒಳಗೆ ಹಿಡಿದಿಟ್ಟುಕೊಂಡರೆ, ಬೇರು ಕಲ್ಲುಗಳ ಸಂದಿಯಲ್ಲಿ ಬಹಳ ಆಳಕ್ಕೆ ಇಳಿದು ನೀರನ್ನು ಹುಡುಕಿಕೊಳ್ಳುತ್ತದೆ. 5,280 ಅಡಿ ಎತ್ತರದ ನಿಮ್ಮ ಊರಿನಲ್ಲಿ ಹಿಮ ಬಿದ್ದ ಕೆಲವೇ ದಿನಗಳಲ್ಲಿ ಕರಗುತ್ತದೆ. ಜೇಡಿಮಣ್ಣಾದರೆ ಆ ನೀರು ಬಸಿಯದೆ ನಿಂತು, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಗೊಬ್ಬರ ಹೆಚ್ಚಾದರೆ ಮೆತ್ತೆ ಸಡಿಲವಾಗಿ ಬೆಳೆದು ಇನ್ನಷ್ಟು ಬೇಗ ಕೊಳೆಯುತ್ತದೆ.

ಆದ್ದರಿಂದ ಜೇಡಿಮಣ್ಣಿನ ಮೇಲೆಯೇ ಒಂದು ಅಡಿಗೂ ಹೆಚ್ಚು ಎತ್ತರದ ದಿಣ್ಣೆ ಮಾಡಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ದಪ್ಪ ಮರಳು ಮತ್ತು ಸಣ್ಣ ಜಲ್ಲಿ ಇರುವಂತೆ ನೋಡಿಕೊಳ್ಳಿ. ಕಲ್ಲುಗಳನ್ನು ಮೇಲೆ ಸುಮ್ಮನೆ ಇರಿಸದೆ ಮೂರನೆಯ ಒಂದು ಭಾಗವಾದರೂ ಹೂತುಹೋಗುವಂತೆ ನೆಡಿ, ಏಕೆಂದರೆ ಬೇಸಿಗೆಯಲ್ಲಿ ಬೇರಿಗೆ ತಂಪು ಸಿಗುವುದು ಆ ಹೂತ ಭಾಗದ ಪಕ್ಕದಲ್ಲಿ. ಗಿಡದ ಕತ್ತಿನ, ಅಂದರೆ ಕಾಂಡ ಬೇರಿಗೆ ಸೇರುವ ಜಾಗದ ಸುತ್ತ ಒಂದಂಗುಲ ಜಲ್ಲಿ ಹರಡಿ. ಹೊಸ ಗಿಡ ಬೇರೂರುವವರೆಗೆ ನೀರು ಕೊಡಿ, ಆಮೇಲೆ ಮಣ್ಣು ಒಣಗಿದಾಗ ಮಾತ್ರ ಆಳಕ್ಕಿಳಿಯುವಂತೆ ಕೊಡಿ.

ಮೊದಲ ವರ್ಷ ಕೊಲಂಬೈನ್‌ನಿಂದ ಆರಂಭಿಸಿದರೆ ನಿಮಗೆ ಧೈರ್ಯ ಬರುತ್ತದೆ. 1899ರಿಂದ ಕೊಲರಾಡೊದ ರಾಜ್ಯಪುಷ್ಪವಾಗಿರುವ ಈ ನೀಲಿ ಹೂವಿನ ಬೀಜವನ್ನು ಚಳಿಗಾಲದಲ್ಲಿ ಕುಂಡದಲ್ಲಿ ಮಣ್ಣಿನ ಮೇಲ್ಮೈಗೇ ಬಿತ್ತಿ ಹೊರಗಿಡಿ. ತೇವ ಮತ್ತು ಚಳಿ ಎರಡನ್ನೂ ಉಂಡ ಬೀಜ ವಸಂತದಲ್ಲಿ ಚೆನ್ನಾಗಿ ಮೊಳೆಯುತ್ತದೆ. ಬೆಟ್ಟದಿಂದ ಮಾತ್ರ ಗಿಡ ಕೀಳಬೇಡಿ. ಆ ಎತ್ತರದಲ್ಲಿ ಅಂಗೈಯಗಲದ ಮೆತ್ತೆ ಬೆಳೆಯಲು ಎಷ್ಟೋ ವರ್ಷಗಳು ಬೇಕು, ಮತ್ತು ಹಾಗೆ ಕಿತ್ತು ತಂದ ಗಿಡ ಬದುಕುವುದೂ ಅಪರೂಪ.

ಪ್ರಶ್ನೆ: ಬೆಂಗಳೂರಿನ ನಮ್ಮ ಕಲ್ಲುತೋಟದಲ್ಲಿ ಹಿಮಾಲಯದ ಬ್ರಹ್ಮಕಮಲ ನೆಟ್ಟಿದ್ದೇವೆ. ಅದು ಬಿಸಿಲಿಗೆ ಹಳದಿಯಾಗುತ್ತಿದೆ. ಏನು ಮಾಡಬೇಕು?

ಉತ್ತರ: ಎಲೆಯನ್ನು ನೆಟ್ಟರೆ ಚಿಗುರಿ, ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ ಗಿಡವಾದರೆ ಅದು ಮೆಕ್ಸಿಕೊ ಕಡೆಯ ಕಾಡುಗಳಲ್ಲಿ ಮರಗಳ ಮೇಲೆ ಬೆಳೆಯುವ ಕಳ್ಳಿ. ಹಿಮಾಲಯದ ಬ್ರಹ್ಮಕಮಲ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ಉತ್ತರಾಖಂಡದ ರಾಜ್ಯಪುಷ್ಪವಾದ ಬೇರೆಯೇ ಸಸ್ಯ. ಅದು ಬೆಂಗಳೂರಿನ ಬೆಚ್ಚನೆಯ ರಾತ್ರಿಗಳನ್ನು ತಾಳುವುದಿಲ್ಲ. ನಿಮ್ಮ ಗಿಡವನ್ನು ಕಲ್ಲುಗಳ ನಡುವಿನಿಂದ ತೆಗೆದು, ಎಲೆಗೊಬ್ಬರ ಬೆರೆಸಿದ ಹಗುರ ಮಣ್ಣಿನ ಕುಂಡಕ್ಕೆ ಬದಲಿಸಿ, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಕಡೆ ಇರಿಸಿ.