ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರು ಯಾರು?

ಪ್ರಿಯ ಲೇಖಕರೇ,

ನೀವು ಕಳುಹಿಸಿದ 'ನಕ್ಷತ್ರದೊಡನೆ ಏಳು ನಿಮಿಷ' ಬರಹವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ವಿಷಾದದ ಎರಡು ಸಾಲು ಗೀಚಿ ಹಿಂದಿರುಗಿಸಲು ಮನಸ್ಸು ಒಪ್ಪಲಿಲ್ಲ. ಇದರೊಳಗೆ ಒಂದು ಒಳ್ಳೆಯ ಬರಹವಿದೆ, ಅದನ್ನು ನೀವೇ ಆವರಣ ಚಿಹ್ನೆಗಳ ನಡುವೆ ಕೂಡಿಹಾಕಿದ್ದೀರಿ. ಅದನ್ನು ಹೊರಗೆ ತನ್ನಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ ಇಷ್ಟು ಉದ್ದವಾಗಿದೆ.

ನೀವು ಬರೆದಿರುವ ಸಂಗತಿ ಇಷ್ಟು. ಆಸ್ಪತ್ರೆಯೊಂದರ ಪ್ರಯೋಗಾಲಯದ ಮುಂದೆ ವರದಿಗಾಗಿ ಕಾಯುತ್ತಿದ್ದಾಗ ಹಿರಿಯ ಚಿತ್ರನಟರೊಬ್ಬರು ಬಂದು ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಜೊತೆಯಲ್ಲಿ ಅವರ ವೃದ್ಧ ತಾಯಿ. ಏಳು ನಿಮಿಷ ಮಾತುಕತೆ, ಒಂದು ಸೆಲ್ಫಿ. ಅಷ್ಟರಲ್ಲಿ ಅವರ ಟೋಕನ್ ಸಂಖ್ಯೆ ಫಲಕದ ಮೇಲೆ ಮೂಡುತ್ತದೆ, ಅವರು ಎದ್ದು ಹೋಗುತ್ತಾರೆ. 'ದೊಡ್ಡವರು ಎಷ್ಟು ಸರಳ!' ಎಂಬ ಉದ್ಗಾರದೊಂದಿಗೆ ಬರಹ ಮುಗಿಯುತ್ತದೆ.

ಕತ್ತರಿ ಮೊದಲು ಎಲ್ಲಿ ಬೀಳಬೇಕೆಂದು ಹೇಳಿಬಿಡುತ್ತೇನೆ. ಹದಿನಾಲ್ಕು ಪ್ಯಾರಾಗಳಲ್ಲಿ ಮೊದಲ ನಾಲ್ಕು ಆ ನಟರ ಜೀವನಚರಿತ್ರೆ. ಹುಟ್ಟಿದ ವರ್ಷ, ಮೊದಲ ಚಿತ್ರ, ಸಂದ ಪ್ರಶಸ್ತಿಗಳು. ಇವು ಓದುಗರಿಗೆ ಗೊತ್ತು. ಗೊತ್ತಿಲ್ಲದವರು ಅರ್ಧ ನಿಮಿಷದಲ್ಲಿ ಮೊಬೈಲ್‌ನಲ್ಲಿ ಹುಡುಕಿಕೊಳ್ಳುತ್ತಾರೆ. ಅವರ ಸಾಧನೆಯನ್ನು ಪಟ್ಟಿ ಮಾಡಲು ಸಾವಿರ ಜನರಿದ್ದಾರೆ, ಆದರೆ ಆ ಬೆಳಿಗ್ಗೆ ಆ ಕುರ್ಚಿಯಲ್ಲಿ ಕುಳಿತಿದ್ದವರು ನೀವೊಬ್ಬರೇ. ನಾಲ್ಕನ್ನೂ ತೆಗೆಯಿರಿ. ಹಾಗೆಯೇ 'ಸರಳತೆಯ ಸಾಕಾರಮೂರ್ತಿ', 'ನೆಲದ ಮೇಲೆ ನಡೆದಾಡುವ ನಕ್ಷತ್ರ', 'ವಿನಯದ ಹಿಮಾಲಯ' ಎಂಬ ಮಾತುಗಳನ್ನೂ ತೆಗೆಯಿರಿ. ಸನ್ಮಾನಪತ್ರದಲ್ಲಿ ಇವು ನಡೆಯುತ್ತವೆ. ಕಣ್ಣಾರೆ ಕಂಡವರು ಬರೆಯುವಾಗ ಇವು ಕಂಡದ್ದನ್ನು ಮುಚ್ಚುತ್ತವೆ.

ಈಗ ಒಂಬತ್ತನೆಯ ಪ್ಯಾರಾಕ್ಕೆ ಬರುತ್ತೇನೆ. ಅದರ ನಡುವೆ, ಆವರಣದೊಳಗೆ, ಹೀಗೆ ಬರೆದಿದ್ದೀರಿ: "(ಮೊದಲು ತಂದೆಯವರ ಹಳೆಯ ಸಹೋದ್ಯೋಗಿ ಎಂದುಕೊಂಡು 'ಹೇಗಿದ್ದೀರಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ?' ಎಂದು ಕೇಳಿಬಿಟ್ಟೆ. ಅವರು 'ಎಲ್ಲರೂ ಕ್ಷೇಮ, ನೀವು ಹೇಗಿದ್ದೀರಿ?' ಎಂದರು. ಆಮೇಲೆ ಗೊತ್ತಾಗಿ ನಾಚಿಕೆಯಾಯಿತು.)"

ಇಲ್ಲಿಗೆ ಬಂದಾಗ ನಾನು ಹಾಳೆಯನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಡೀ ಬರಹದಲ್ಲಿ ಉಸಿರಾಡುತ್ತಿರುವ ಜಾಗ ಇದೊಂದೇ. ಲಕ್ಷಾಂತರ ಜನ ಗುರುತಿಸುವ ವ್ಯಕ್ತಿಗೆ, ತಾಯಿಯ ಪಕ್ಕದಲ್ಲಿ ಆತಂಕದಿಂದ ಕುಳಿತಿದ್ದ ಹೊತ್ತಿನಲ್ಲಿ, ಯಾರೋ ಒಬ್ಬರು ನೆಂಟರಂತೆ ಮನೆಯವರ ಕ್ಷೇಮ ವಿಚಾರಿಸಿದರು. ಅವರೂ ನೆಂಟರಂತೆಯೇ ಉತ್ತರಿಸಿದರು. ನಿಮ್ಮ ಏಳು ನಿಮಿಷಗಳಲ್ಲಿ ಅವರು ನಟರಾಗಿರದೇ ಇದ್ದದ್ದು ಆ ಹತ್ತು ಸೆಕೆಂಡು ಮಾತ್ರ. ನಿಮಗೆ ಅವರು ಯಾರೆಂದು ತಿಳಿದ ಕೂಡಲೇ ಅವರು ಮತ್ತೆ ನಟರಾದರು, ನೀವು ಅಭಿಮಾನಿಯಾದಿರಿ. ಮೊಬೈಲ್ ಜೇಬಿನಿಂದ ಹೊರಬಂದಿತು.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮುಖ ಗುರುತಿಸುವ ಕೆಲಸ ಮನಸ್ಸಿನಲ್ಲಿ ಒಂದೇ ಏಟಿಗೆ ಆಗುವುದಿಲ್ಲ. ಮನೋವಿಜ್ಞಾನಿಗಳಾದ ವಿಕಿ ಬ್ರೂಸ್ ಮತ್ತು ಆಂಡಿ ಯಂಗ್ 1986ರಲ್ಲಿ ಮುಂದಿಟ್ಟ ಮಾದರಿಯ ಪ್ರಕಾರ, ಮೊದಲು 'ಈ ಮುಖ ಗೊತ್ತು' ಎಂಬ ಭಾವ ಬರುತ್ತದೆ. ಅವರು ಏನು ಮಾಡುವವರು, ಎಲ್ಲಿ ನೋಡಿದ್ದು ಎಂಬುದು ಅದರ ನಂತರ. ಹೆಸರು ಎಲ್ಲಕ್ಕಿಂತ ಕೊನೆಗೆ. ಪರದೆಯ ಮೇಲೆ ನೋಡಿದ ಮುಖ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎದುರಾದಾಗ ಮೊದಲ ಹಂತ ಥಟ್ಟನೆ ಆಗುತ್ತದೆ, ಎರಡನೆಯದು ತಡವರಿಸುತ್ತದೆ. ಆ ತಡವರಿಕೆಯಲ್ಲಿ ಮನಸ್ಸು ಹತ್ತಿರದಲ್ಲಿ ಸಿಕ್ಕ ಪರಿಚಯವನ್ನು ಕೊಟ್ಟುಬಿಡುತ್ತದೆ: ಹಳೆಯ ನೆರೆಯವರು, ದೂರದ ಬಂಧು, ತಂದೆಯ ಸಹೋದ್ಯೋಗಿ. 1956ರಲ್ಲೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು ರೇಡಿಯೊ ಮತ್ತು ದೂರದರ್ಶನದಲ್ಲಿ ಕಾಣುವವರ ಜೊತೆ ಪ್ರೇಕ್ಷಕರು ಬೆಳೆಸಿಕೊಳ್ಳುವ ಆಪ್ತತೆಯ ಬಗ್ಗೆ ಬರೆದಿದ್ದರು. ಸಂಬಂಧದ ಎಲ್ಲ ಬಿಸಿಯೂ ಇರುತ್ತದೆ, ಆದರೆ ಒಂದೇ ಕಡೆಯಿಂದ. ನಿಮ್ಮ ಕುಶಲಪ್ರಶ್ನೆ ಆ ಏಕಮುಖ ಸಂಬಂಧವನ್ನು ಹತ್ತು ಸೆಕೆಂಡುಗಳ ಕಾಲ ಎರಡೂ ಕಡೆಯದನ್ನಾಗಿ ಮಾಡಿತು. ಅದನ್ನು ಆವರಣದಲ್ಲಿ ಹಾಕುತ್ತಾರೆಯೇ?

ಮುಜುಗರವನ್ನು ಮರೆಮಾಚದೆ ಬರೆದವರೊಬ್ಬರ ಉದಾಹರಣೆ ಕೊಡುತ್ತೇನೆ. 1763ರ ಮೇ 16ರಂದು ಲಂಡನ್ನಿನ ಪುಸ್ತಕದಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಜೇಮ್ಸ್ ಬಾಸ್ವೆಲ್ ಕುಳಿತಿದ್ದರು, ವಯಸ್ಸು 22. ಅವರು ಬಹುಕಾಲದಿಂದ ಕಾಣಬೇಕೆಂದಿದ್ದ ಹೆಸರಾಂತ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಅಂಗಡಿಯೊಳಗೆ ಬಂದರು. ಜಾನ್ಸನ್‌ಗೆ ಸ್ಕಾಟ್ಲೆಂಡಿನವರನ್ನು ಕಂಡರಾಗದು ಎಂದು ಕೇಳಿದ್ದ ಬಾಸ್ವೆಲ್, ತನ್ನ ಊರು ಹೇಳಬೇಡಿ ಎಂದು ಅಂಗಡಿಯವರನ್ನು ಬೇಡಿಕೊಂಡರು. ಅಂಗಡಿಯವರು ಹೇಳಿಯೇಬಿಟ್ಟರು. ನಾನು ಸ್ಕಾಟ್ಲೆಂಡಿನಿಂದ ಬಂದದ್ದು ನಿಜ, ಆದರೆ ಅದಕ್ಕೆ ನಾನೇನೂ ಮಾಡಲಾಗದು ಎಂದು ಬಾಸ್ವೆಲ್ ತೊದಲಿದರು. ನಿಮ್ಮ ದೇಶದವರು ಬಹಳಷ್ಟು ಮಂದಿ ಅದಕ್ಕೆ ಏನೂ ಮಾಡಲಾಗದೇ ಇದ್ದಾರೆ ಎಂದು ಜಾನ್ಸನ್ ಮಾತಿನಲ್ಲೇ ಕುಟುಕಿದರು. ಸ್ವಲ್ಪ ಹೊತ್ತಿನಲ್ಲಿ ಬಾಸ್ವೆಲ್ ಇನ್ನೊಂದು ಮಾತಿಗೆ ಬಾಯಿ ಹಾಕಿ ಮತ್ತೊಮ್ಮೆ ಬೈಸಿಕೊಂಡರು. ಇಪ್ಪತ್ತೆಂಟು ವರ್ಷಗಳ ನಂತರ, 1791ರಲ್ಲಿ, ಜಾನ್ಸನ್‌ರ ಜೀವನಚರಿತ್ರೆಯನ್ನು ಪ್ರಕಟಿಸುವಾಗ ಆ ಎರಡು ಅವಮಾನಗಳನ್ನು ಬಾಸ್ವೆಲ್ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅದಕ್ಕೇ ಆ ಕೋಣೆ ಇಂದಿಗೂ ನಮ್ಮ ಕಣ್ಣ ಮುಂದಿದೆ, ಜಾನ್ಸನ್ ಅದರೊಳಗೆ ಜೀವಂತವಾಗಿದ್ದಾರೆ. ಪೆಟ್ಟು ತಿಂದವರು ನೋವನ್ನು ಹೇಳಿದ್ದರಿಂದಲೇ ಪೆಟ್ಟು ಕೊಟ್ಟವರ ರೂಪ ನಮಗೆ ಸಿಕ್ಕಿತು.

ಹನ್ನೊಂದನೆಯ ಪ್ಯಾರಾದ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಅಲ್ಲಿ ಆ ನಟರು ಬದುಕು, ಸೋಲು, ಅಹಂಕಾರ ಕುರಿತು ಒಂದು ಪುಟದಷ್ಟು ಮಾತನಾಡುತ್ತಾರೆ. ಏಳು ನಿಮಿಷಗಳಲ್ಲಿ ಮೂರು ನಿಮಿಷ ಅವರು ದೂರವಾಣಿಯಲ್ಲಿದ್ದರು ಎಂದು ನೀವೇ ಬರೆದಿದ್ದೀರಿ. ಆ ಮಾತುಗಳು ಅಷ್ಟು ನಯವಾಗಿ, ಅಷ್ಟು ಪೂರ್ಣವಾಗಿ ಅವರ ಬಾಯಿಂದ ಬಂದವೇ? ಅಥವಾ ಅವರು ಹೇಳಿದ ಎರಡು ಮಾತು ನಿಮ್ಮೊಳಗೆ ಬೆಳೆದು ಭಾಷಣವಾಯಿತೇ? ಬದುಕಿರುವ ವ್ಯಕ್ತಿಯ ಬಾಯಲ್ಲಿ ಅವರು ಆಡದ ಮಾತನ್ನು ಇಡುವುದು ಹೊಗಳಿಕೆಯ ಉದ್ದೇಶದಿಂದಾದರೂ ತಪ್ಪೇ. ನಿಖರವಾಗಿ ನೆನಪಿರುವುದನ್ನು ಮಾತ್ರ ಉದ್ಧರಣೆಯಲ್ಲಿ ಕೊಡಿ. ಉಳಿದದ್ದು ಮಸುಕಾಗಿದ್ದರೆ ಮಸುಕಾಗಿದೆ ಎಂದೇ ಬರೆಯಿರಿ, ಓದುಗರು ನಿಮ್ಮನ್ನು ಇನ್ನಷ್ಟು ನಂಬುತ್ತಾರೆ.

ನೆನಪು ಎಷ್ಟು ಸ್ವತಂತ್ರವಾಗಿ ವರ್ತಿಸುತ್ತದೆ ಎನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಪ್ರಸಂಗವೊಂದಿದೆ. 1819ರ ಏಪ್ರಿಲ್ 11ರಂದು ಲಂಡನ್ನಿನ ಹೈಗೇಟ್ ಬಳಿಯ ದಾರಿಯಲ್ಲಿ ಯುವಕವಿ ಜಾನ್ ಕೀಟ್ಸ್‌ಗೆ ಆಗಲೇ ಪ್ರಸಿದ್ಧ ಕವಿಯಾಗಿದ್ದ ಕೋಲ್‌ರಿಜ್ ಎದುರಾದರು. ಕೀಟ್ಸ್ ಕೆಲವೇ ದಿನಗಳಲ್ಲಿ ತಮ್ಮನಿಗೂ ಅವನ ಹೆಂಡತಿಗೂ ಬರೆಯುತ್ತಿದ್ದ ಪತ್ರದಲ್ಲಿ ಅದನ್ನು ದಾಖಲಿಸಿದರು: ಸುಮಾರು ಎರಡು ಮೈಲಿ ಜೊತೆಯಲ್ಲಿ ನಡೆದದ್ದು, ಕೋಲ್‌ರಿಜ್ ನೈಟಿಂಗೇಲ್ ಹಕ್ಕಿಗಳಿಂದ ಕನಸುಗಳ ಬಗೆಗಳವರೆಗೆ, ಮತ್ಸ್ಯಕನ್ಯೆಯರಿಂದ ದೆವ್ವದ ಕಥೆಯವರೆಗೆ ಹರಿಸಿದ ಮಾತು, ಅವರು ಬರುವಾಗಲೂ ಹೋಗುವಾಗಲೂ ಕೇಳುತ್ತಲೇ ಇದ್ದ ಆ ಧ್ವನಿ. ಹದಿಮೂರು ವರ್ಷಗಳ ನಂತರ ಕೋಲ್‌ರಿಜ್ ಅದೇ ಭೇಟಿಯನ್ನು ನೆನೆದರು. ಸಡಿಲ ಮೈಕಟ್ಟಿನ, ಉಡುಪಿನಲ್ಲಿ ಅಷ್ಟೇನೂ ಅಚ್ಚುಕಟ್ಟಿಲ್ಲದ ಯುವಕನೊಬ್ಬ ಸಿಕ್ಕ, ಒಂದು ನಿಮಿಷದಷ್ಟು ಹೊತ್ತು ನಿಂತ, ಹೋದವನು ಮರಳಿ ಬಂದು ನಿಮ್ಮ ಕೈ ಹಿಡಿದ ನೆನಪನ್ನು ಒಯ್ಯುತ್ತೇನೆ ಎಂದ. ಆ ಕೈಯಲ್ಲಿ ಸಾವಿದೆ ಎಂದು ತಾವು ಪಕ್ಕದವರಿಗೆ ಹೇಳಿದ್ದಾಗಿಯೂ ಕೋಲ್‌ರಿಜ್ ನೆನಪಿಸಿಕೊಂಡರು. ಆ ಹೊತ್ತಿಗೆ ಕೀಟ್ಸ್ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು.

ಒಬ್ಬರಿಗೆ ಎರಡು ಮೈಲಿ, ಇನ್ನೊಬ್ಬರಿಗೆ ಒಂದು ನಿಮಿಷ. ಪ್ರಸಿದ್ಧರನ್ನು ಆಕಸ್ಮಿಕವಾಗಿ ಕಂಡ ಪ್ರತಿಯೊಂದು ಕಥೆಯ ಅಡಿಯಲ್ಲೂ ಈ ಅಳತೆಯ ವ್ಯತ್ಯಾಸ ಇದ್ದೇ ಇರುತ್ತದೆ. ನೀವು ವರ್ಷಗಟ್ಟಲೆ ಹೇಳಿಕೊಳ್ಳುವ ಭೇಟಿ ಅವರ ದಿನದಲ್ಲಿ ಒಂದು ಚೂರು. ಇದರಿಂದ ನಿಮ್ಮ ಅನುಭವ ಸಣ್ಣದಾಗುವುದಿಲ್ಲ. ಆದರೆ 'ಅವರೂ ನನ್ನನ್ನು ಎಂದೂ ಮರೆಯಲಾರರು ಎಂದು ನನಗನ್ನಿಸಿತು' ಎಂಬ ನಿಮ್ಮ ಸಾಲನ್ನು ಇದು ಪ್ರಶ್ನಿಸುತ್ತದೆ. ಆ ಸಾಲು ಬೇಡ. ಇನ್ನೊಂದು ಮಾತು: ಕೀಟ್ಸ್ ದಿನಗಳೊಳಗೆ ಬರೆದರು, ಅದಕ್ಕೇ ನೈಟಿಂಗೇಲ್ ಹಕ್ಕಿಯೂ ದೆವ್ವದ ಕಥೆಯೂ ಉಳಿದವು. ನಾನು ಬಹಳ ಗೌರವಿಸುವ ಲೇಖಕಿಯೊಬ್ಬರು ಒಮ್ಮೆ ಗ್ರಂಥಾಲಯದ ಸರದಿಯಲ್ಲಿ ನನ್ನ ಮುಂದೆ ನಿಂತಿದ್ದರು. ಹತ್ತು ವರ್ಷ ಕಳೆದು ಅದನ್ನು ಬರೆಯಲು ಕುಳಿತಾಗ ಅವರ ಕೈಯಲ್ಲಿದ್ದ ಪುಸ್ತಕ ಯಾವುದೆಂಬುದೇ ಅಳಿಸಿಹೋಗಿತ್ತು. ಆ ಬರಹವನ್ನು ಕೈಬಿಟ್ಟೆ. ನಿಮ್ಮದು ಇನ್ನೂ ಮೂರು ವಾರದ ಹಿಂದಿನ ಘಟನೆ. ಇವತ್ತೇ ಕುಳಿತು ನೆನಪಿರುವುದನ್ನೆಲ್ಲ ಹಾಳೆಯ ಮೇಲೆ ಸುರಿಯಿರಿ. ಕುರ್ಚಿಯ ಬಣ್ಣ, ಫಲಕದಲ್ಲಿದ್ದ ಸಂಖ್ಯೆ, ಅವರ ಚಪ್ಪಲಿ, ತಾಯಿಯ ಕೈಚೀಲ ಯಾರ ಮಡಿಲಲ್ಲಿತ್ತು ಎಂಬುದು. ಯಾವುದು ಉಳಿಯಬೇಕೆಂದು ಆಮೇಲೆ ನೋಡೋಣ.

ಸುತ್ತಲಿದ್ದವರು ಯಾರೂ ಅವರನ್ನು ಗುರುತಿಸಲಿಲ್ಲವೆಂದು ನೀವು ಸಿಟ್ಟಾಗಿದ್ದೀರಿ, 'ಕಲೆಯ ಬೆಲೆ ತಿಳಿಯದ ಜನ' ಎಂದಿದ್ದೀರಿ. ಇದು ಅನ್ಯಾಯ. 2007ರ ಜನವರಿ 12ರಂದು ವಿಶ್ವಪ್ರಸಿದ್ಧ ಪಿಟೀಲುವಾದಕ ಜೋಶುವಾ ಬೆಲ್ ವಾಷಿಂಗ್ಟನ್ನಿನ ಮೆಟ್ರೊ ನಿಲ್ದಾಣವೊಂದರಲ್ಲಿ ಸಾಧಾರಣ ಉಡುಪಿನಲ್ಲಿ ನಿಂತು 43 ನಿಮಿಷ ನುಡಿಸಿದರು. ಪತ್ರಿಕೆಯೊಂದು ಏರ್ಪಡಿಸಿದ್ದ ಪ್ರಯೋಗವದು. ಕೈಯಲ್ಲಿದ್ದದ್ದು 1713ರ ಸ್ಟ್ರಾಡಿವೇರಿಯಸ್, ಬಹಳ ಬೆಲೆಬಾಳುವ ಪಿಟೀಲು. 1,097 ಮಂದಿ ಹಾದುಹೋದರು, ಒಂದು ನಿಮಿಷವಾದರೂ ನಿಂತು ಕೇಳಿದವರು ಏಳು ಜನ. ಗುರುತಿಸಿದವರು ಒಬ್ಬರೇ ಮಹಿಳೆ, ಮೂರು ವಾರಗಳ ಹಿಂದೆಯಷ್ಟೇ ಅವರ ಕಛೇರಿ ಕೇಳಿದ್ದವರು. ಆ ಸಾವಿರ ಜನ ಕಿವುಡರಲ್ಲ, ಕೆಲಸಕ್ಕೆ ಹೊರಟಿದ್ದವರು. ನಿಮ್ಮ ಸಾಲಿನಲ್ಲಿದ್ದವರೂ ಹಾಗೆಯೇ. ತಮ್ಮವರ ವರದಿಯಲ್ಲಿ ಏನು ಬರೆದಿದೆಯೋ ಎಂದು ಕಾಯುವವರು ಪಕ್ಕದವರ ಮುಖವನ್ನೇಕೆ ನೋಡುತ್ತಾರೆ? ಅವರನ್ನು ಬೈಯುವ ಬದಲು ಒಮ್ಮೆ ಅವರ ಕಡೆ ತಿರುಗಿ ನೋಡಿ, ನಿಮ್ಮ ದೃಶ್ಯ ತುಂಬಿಕೊಳ್ಳುತ್ತದೆ. ಆ ನಟರಿಗೂ ಆ ಬೆಳಿಗ್ಗೆ ಯಾರೂ ಗುರುತಿಸದೇ ಇದ್ದದ್ದು ಸಮಾಧಾನ ತಂದಿರಬಹುದು.

ತಾಯಿಯ ಕಾಯಿಲೆಯ ಹೆಸರು, ಯಾವ ಪರೀಕ್ಷೆ, ಅವರ ಕೈ ನಡುಗುತ್ತಿದ್ದ ವಿವರ, ಎಲ್ಲವನ್ನೂ ತೆಗೆಯಬೇಕು. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ನಟರು ಪ್ರಸಿದ್ಧರು, ಅವರ ತಾಯಿ ಅಲ್ಲ. ಮಗ ಖ್ಯಾತನಾದ ಮಾತ್ರಕ್ಕೆ ಆಕೆಯ ದೇಹ ಊರಿನ ಮಾತಾಗಬಾರದು. ಸೆಲ್ಫಿಯನ್ನೂ ಪ್ರಕಟಿಸುವುದಿಲ್ಲ, ಹಿನ್ನೆಲೆಯಲ್ಲಿ ಆಕೆ ಕಾಣುತ್ತಿದ್ದಾರೆ. ನಟರ ಹೆಸರನ್ನೂ ಬಿಟ್ಟು ಬರೆದು ನೋಡಿ. ಹೆಸರಿಲ್ಲದಿದ್ದರೆ ಬರಹ ಕುಸಿಯುತ್ತದೆ ಎನ್ನಿಸಿದರೆ, ಅಲ್ಲಿ ಹೆಸರಿನ ಹೊರತು ಬೇರೇನೂ ಇರಲಿಲ್ಲ ಎಂದಾಗುತ್ತದೆ. ನಿಮ್ಮ ವಿಷಯದಲ್ಲಿ ಅದು ಕುಸಿಯುವುದಿಲ್ಲವೆಂಬ ನಂಬಿಕೆ ನನಗಿದೆ.

ಅದಕ್ಕೆ ಕಾರಣ ಹೇಳುತ್ತೇನೆ. ಎರಡನೆಯ ಪ್ಯಾರಾದಲ್ಲಿ, ಪ್ರಶಸ್ತಿಗಳ ನಡುವೆ, 'ನನ್ನ ತಂದೆ ಇವರ ಒಂದು ಚಿತ್ರವನ್ನೂ ಬಿಡದೆ ನೋಡುತ್ತಿದ್ದರು' ಎಂದಿದೆ. ನೋಡುತ್ತಿದ್ದರು, ಅಷ್ಟೇ. ಆಮೇಲೆ ತಂದೆ ಬರಹದಲ್ಲಿ ಮತ್ತೆಲ್ಲೂ ಬರುವುದಿಲ್ಲ, ಆ ಆವರಣದಲ್ಲಿ 'ತಂದೆಯವರ ಸಹೋದ್ಯೋಗಿ' ಎಂದು ಬರುವುದನ್ನು ಬಿಟ್ಟರೆ. ಆ ಮುಖವನ್ನು ನೀವು ಮೊದಲು ನೋಡಿದ್ದು ಯಾರ ಪಕ್ಕದಲ್ಲಿ ಕುಳಿತು? ಅದು ನಟರ ಮುಖವಾಗಿ ನೆನಪಿಗೆ ಬರುವ ಮೊದಲೇ ತಂದೆಗೆ ಸೇರಿದ ಯಾರದೋ ಮುಖವಾಗಿ ಬಂದದ್ದು ಬರಿಯ ಗಲಿಬಿಲಿ ಎಂದು ನನಗನ್ನಿಸುವುದಿಲ್ಲ.

ಇನ್ನೊಂದು ಪ್ರಶ್ನೆ ಇದೆ, ಕೇಳಲು ಸ್ವಲ್ಪ ಹಿಂಜರಿಕೆಯಾಗುತ್ತದೆ. ಆ ನಟರು ಯಾರಿಗಾಗಿ ಬಂದಿದ್ದರು, ಅವರ ಟೋಕನ್ ಎಷ್ಟು ಹೊತ್ತಿಗೆ ಬಂತು, ಎಲ್ಲವನ್ನೂ ಹೇಳಿದ್ದೀರಿ. 'ನೀವು ಹೇಗಿದ್ದೀರಿ?' ಎಂದು ಅವರು ಕೇಳಿದ್ದನ್ನೂ ಬರೆದಿದ್ದೀರಿ, ಆದರೆ ನೀವು ಕೊಟ್ಟ ಉತ್ತರ ಎಲ್ಲಿಯೂ ಇಲ್ಲ. ಆ ಬೆಳಿಗ್ಗೆ ನೀವು ಕಾಯುತ್ತಿದ್ದದ್ದು ಯಾರ ವರದಿಗಾಗಿ? ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಡಿ, ಅದು ನಿಮ್ಮ ಹಕ್ಕು. ನಿಮ್ಮ ಕೈಯಲ್ಲಿ ಒಂದು ಕಡತವಿತ್ತು ಎಂದಷ್ಟೇ ಬರೆದರೂ ಸಾಕು.

ಮರುಬರಹ ಎಂಟುನೂರು ಪದ ದಾಟದಿರಲಿ. ಕುಶಲಪ್ರಶ್ನೆಯಿಂದಲೇ ಶುರು ಮಾಡಿ. ತಿಂಗಳ ಕೊನೆಯವರೆಗೆ ಕಾಯುತ್ತೇನೆ.

ವಿಶ್ವಾಸದಿಂದ,
ಸಂಪಾದಕ